ಕೇಕ್ ಬಾಲ್ ಮೇಲಿನ ಚಾಕೊಲೇಟ್ ಬಿರುಕು ಬಿಡುವುದೇಕೆ?

ಪ್ರಶ್ನೆ: ಕೇಕ್ ಬಾಲ್ ಅದ್ದಿ ಇಟ್ಟಾಗ ಚೆನ್ನಾಗಿಯೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬಿರುಕು, ಕೆಲವದರಲ್ಲಿ ಎಣ್ಣೆಯೂ ಜಿನುಗಿರುತ್ತದೆ. ನಾನು ತರುವ ಚಾಕೊಲೇಟ್ ಸರಿ ಇಲ್ವಾ?

ಉತ್ತರ: ಚಾಕೊಲೇಟ್ ಬದಲಿಸುವ ಮೊದಲು ಒಳಗಿನ ಉಂಡೆಯನ್ನು, ಅಂದರೆ ಕೇಕ್ ಪುಡಿಗೆ ಕ್ರೀಮ್ ಕಲಸಿ ಕಟ್ಟಿದ್ದನ್ನು ನೋಡಿ. ಹೆಚ್ಚಿನ ಸಲ ಅದು ತೀರಾ ತಣ್ಣಗಿರುತ್ತದೆ. ಅಂಥ ಉಂಡೆಯನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿದರೆ ಹೊರಪದರ ಕ್ಷಣದಲ್ಲಿ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಒಳಗಿನದು ಆಮೇಲೆ ನಿಧಾನವಾಗಿ ತಣುಪು ಬಿಟ್ಟು ಹಿಗ್ಗುತ್ತದೆ. ಹೊರಗೆ ಕುಗ್ಗುವುದು, ಒಳಗೆ ಹಿಗ್ಗುವುದು. ಆ ತೆಳು ಪದರ ಎಷ್ಟು ಅಂತ ತಡೆದೀತು?

ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ನಾನೂ ಹೀಗೇ ಮಾಡಿದ್ದೆ. ಗಟ್ಟಿಯಾಗಿರಲಿ ಅಂತ ರಾತ್ರಿಯೆಲ್ಲ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ತೆಗೆದ ಕೂಡಲೇ ಅದ್ದಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಹತ್ತು ನಿಮಿಷಕ್ಕೆ ಒಂದರ ನೆತ್ತಿಯ ಮೇಲೆ ಕೂದಲೆಳೆಯಂಥ ಗೆರೆ ಕಾಣಿಸಿತು. ನೋಡುತ್ತಿದ್ದಂತೆ ಅದು ಪಕ್ಕಕ್ಕೆ ಇಳಿದು ಬುಡ ಮುಟ್ಟಿತು. ಆವತ್ತಿನಿಂದ ಫ್ರೀಜರ್ ಬಿಟ್ಟೆ. ಫ್ರಿಜ್‌ನಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಟ್ಟರೆ ಸಾಕು. ಅದ್ದುವುದಕ್ಕೆ ಐದರಿಂದ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ಮುಟ್ಟಿದರೆ ಗಟ್ಟಿ ಅನಿಸಬೇಕು, ಬೆರಳು ಜುಮ್ಮೆನ್ನುವಷ್ಟು ತಣ್ಣಗಿರಬಾರದು. ಚಾಕೊಲೇಟೂ ಸುಡುವಷ್ಟು ಬಿಸಿ ಬೇಡ, ಉಗುರುಬೆಚ್ಚಗಿಂತ ತುಸು ಜಾಸ್ತಿ ಇದ್ದರೆ ಆಯಿತು.

ಎಣ್ಣೆ ಜಿನುಗುವುದಕ್ಕೆ ಇನ್ನೊಂದು ಕಾರಣವೂ ಇದೆ: ಉಂಡೆಗೆ ಕ್ರೀಮ್ ಜಾಸ್ತಿಯಾಗಿರುತ್ತದೆ. ರವೆ ಉಂಡೆ ಕಟ್ಟಿದವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಹಾಲು ಎಷ್ಟು ಚಿಮುಕಿಸಬೇಕು ಅಂತ ಅಲ್ಲಿ ಕೈಗೇ ಗೊತ್ತಾಗುತ್ತದೆ ಅಲ್ವಾ, ಇಲ್ಲೂ ಹಾಗೇ. ಕಾಲು ಕಿಲೋ ಕೇಕ್ ಪುಡಿಗೆ ಮೊದಲು ಎರಡೇ ದೊಡ್ಡ ಚಮಚ ಬೆಣ್ಣೆ ಕ್ರೀಮ್ ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಡಿದು ಒತ್ತಿ. ಒಡೆಯದೆ ನಿಂತರೆ ಹದ ಬಂತು. ಉದುರಿದರೆ ಇನ್ನು ಅರ್ಧ ಚಮಚ ಹಾಕಿ. ಅಂಗೈಗೆ ಜಿಡ್ಡು ಮೆತ್ತಿಕೊಂಡರೆ ಜಾಸ್ತಿಯಾಗಿದೆ ಅಂತಲೇ ಅರ್ಥ, ಇನ್ನಷ್ಟು ಪುಡಿ ಸೇರಿಸಿ. ಬೇಕರಿ ಕೇಕ್‌ನಲ್ಲಿ ಮೊದಲೇ ತೇವ ಇದ್ದರೆ ಒಂದು ಚಮಚವೇ ಸಾಕಾಗಬಹುದು.

ನುಣುಪು ಬರುವುದು ಕೇಕ್ ಪುಡಿ ಮಾಡಿ ಉಂಡೆ ಕಟ್ಟುವಾಗಲೇ. ಕೇಕಿನ ಕಂದು ಸಿಪ್ಪೆ ತೆಗೆದು, ಉಳಿದದ್ದನ್ನು ಸಣ್ಣ ರವೆಯಂತೆ ಉದುರಿಸಿಕೊಳ್ಳಿ. ಸಿಪ್ಪೆಯ ಚೂರು ಉಳಿದರೆ ಚಾಕೊಲೇಟಿನ ಮೇಲೆ ಗಂಟಾಗಿ ಕಾಣುತ್ತದೆ. ದೊಡ್ಡ ನೆಲ್ಲಿಕಾಯಿಯಷ್ಟು, ಸುಮಾರು 25 ಗ್ರಾಂ ತೆಗೆದುಕೊಂಡು ಮೊದಲು ಬಿಗಿಯಾಗಿ ಅದುಮಿ, ಆಮೇಲೆ ಉರುಟಿ. ಅದುಮದೆ ಸುಮ್ನೆ ಉರುಟಿದರೆ ಒಳಗೆ ಗಾಳಿ ಉಳಿಯುತ್ತದೆ. ಅದೇ ಆಮೇಲೆ ಸಣ್ಣ ತೂತಾಗುತ್ತದೆ.

ಮನೆಗೆ ಕಾಂಪೌಂಡ್ ಚಾಕೊಲೇಟೇ ಅನುಕೂಲ. ಅದರಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಟೆಂಪರಿಂಗ್, ಅಂದರೆ ಹೊಳಪು ಬರಲಿ ಅಂತ ಹದವಾಗಿ ಬಿಸಿ ಮಾಡಿ ತಣಿಸುವ ಕೆಲಸ ಇಲ್ಲ. ಕರಗಿದ್ದು ಮಂದವಾದರೆ ಒಂದು ಟೀ ಚಮಚ ವಾಸನೆಯಿಲ್ಲದ ಎಣ್ಣೆ ಹಾಕಿ. ನೀರು, ಹಾಲು ಬೇಡವೇ ಬೇಡ. ಒಂದು ಹನಿ ನೀರು ಬಿದ್ದರೂ ಅದು ಗಂಟುಗಂಟಾಗಿ ಬಿಗಿದುಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವವರು ಬೋಗುಣಿಯ ತಳವನ್ನು ಒರೆಸಿಕೊಂಡೇ ಎತ್ತಬೇಕು. ಬಿಳಿ ಚಾಕೊಲೇಟಿಗೆ ಹಾಕುವ ಬಣ್ಣವೂ ಎಣ್ಣೆಯಲ್ಲಿ ಬೆರೆಯುವಂಥದ್ದೇ ಆಗಿರಲಿ.

ಅಗಲ ತಟ್ಟೆಗಿಂತ ಆಳದ ಲೋಟ ಒಳ್ಳೆಯದು. ಉಂಡೆಯನ್ನು ಒಂದೇ ಸಲಕ್ಕೆ ಮುಳುಗಿಸಿ ಫೋರ್ಕ್‌ನಿಂದ ಎತ್ತಿ. ಒಳಗೆ ತಿರುಗಿಸುತ್ತಾ ಕೂತರೆ ಪುಡಿ ಬಿಡುತ್ತದೆ. ಫೋರ್ಕನ್ನು ಲೋಟದ ಅಂಚಿಗೆ ಮೆಲ್ಲಗೆ ಏಳೆಂಟು ಸಲ ತಟ್ಟಿ. ಹೆಚ್ಚಿನದೆಲ್ಲ ಹರಿದು ಹೋಗಿ ಮೈ ಸಮವಾಗುವುದು ಕಣ್ಣಿಗೇ ಕಾಣುತ್ತದೆ. ಬಟರ್ ಪೇಪರ್ ಮೇಲೆ ಇಳಿಸಿ, ಬುಡದಲ್ಲಿ ಕೂಡಿದ ಚಾಕೊಲೇಟನ್ನು ಟೂತ್‌ಪಿಕ್‌ನಿಂದ ಗೀರಿ ಬಿಡಿಸಿ.

ಕರಾವಳಿಯವರಿಗೆ ಒಂದು ಮಾತು. ಅದ್ದಿದ್ದನ್ನು ಫ್ರಿಜ್‌ನಲ್ಲಿಟ್ಟರೆ ಮುಚ್ಚಿದ ಡಬ್ಬಿಯಲ್ಲೇ ಇಡಿ. ಹೊರಗೆ ತೆಗೆದ ಮೇಲೆ ಡಬ್ಬಿಯ ತಣುಪು ಹೋಗುವವರೆಗೂ ಮುಚ್ಚಳ ತೆಗೆಯಬೇಡಿ, ಇಲ್ಲದಿದ್ದರೆ ಚಾಕೊಲೇಟ್ ಬೆವರುತ್ತದೆ.

ಈಗಾಗಲೇ ಬಿರುಕು ಬಿಟ್ಟದ್ದನ್ನು ಎಸೆಯಬೇಡಿ. ಪೂರ್ತಿ ತಣುಪು ಬಿಡಲಿ, ಆಮೇಲೆ ಇನ್ನೊಮ್ಮೆ ತೆಳ್ಳಗೆ ಅದ್ದಿ. ಎರಡನೇ ಸಲ ಸಾಮಾನ್ಯವಾಗಿ ನಿಲ್ಲುತ್ತದೆ.