ಡಬ್ ಆಲ್ಬಂ ಯಾವ್ದು ಕೇಳ್ಲಿ ಅನ್ನೋದು ಯಾಕಿಷ್ಟು ಗೋಜಲು?

ಜಮೈಕಾದ ರೆಗೇ ಸಂಗೀತ ಕೇಳ್ಬೇಕು, ಒಂದೈದು ಆಲ್ಬಂ ಹೇಳಿ ಅಂದ್ರೆ ಬಾಬ್ ಮಾರ್ಲಿಯಿಂದ ಶುರು ಮಾಡಿ ಯಾರಾದ್ರೂ ಹೇಳ್ಬಿಡ್ತಾರೆ. ಡಬ್ (ಸಿನಿಮಾ ಡಬ್ಬಿಂಗ್ ಅಲ್ಲ, ರೆಗೇ ಹಾಡಿನ ಧ್ವನಿ, ವಾದ್ಯ ಅಲ್ಲಲ್ಲಿ ತೆಗೆದು, ಎಕೋ ಹಾಕಿ ಹೊಸದಾಗಿ ಮಿಕ್ಸ್ ಮಾಡಿದ ರೂಪ) ಅಂದ ತಕ್ಷಣ ವಾದ ಶುರು. ಒಂದೇ ಟ್ರ್ಯಾಕ್ ನಾಲ್ಕು ಆಲ್ಬಂನಲ್ಲಿ ನಾಲ್ಕು ಹೆಸರಲ್ಲಿರುತ್ತೆ, ಕವರ್ ಮೇಲೆ ಒಬ್ರ ಹೆಸರು, ಮಿಕ್ಸ್ ಮಾಡಿದೋರು ಇನ್ನೊಬ್ರು, ನುಡಿಸಿದೋರ ಹೆಸರು ಎಷ್ಟೋ ಸಲ ಇರೋದೇ ಇಲ್ಲ. ಡಬ್ ಹುಟ್ಟಿದ್ದೇ ಆಲ್ಬಂ ಆಗೋಕಲ್ಲ, ಅದಕ್ಕೇ ಈ ಗೋಜಲು.

1950ರ ದಶಕದಿಂದ್ಲೇ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಬಡವರ ಮನರಂಜನೆ ಅಂದ್ರೆ ಸೌಂಡ್ ಸಿಸ್ಟಂ. ಬೀದೀಲಿ ಆಳೆತ್ತರದ ಸ್ಪೀಕರ್ ಜೋಡ್ಸಿ ಡಾನ್ಸ್ ನಡೆಸೋದು, ಬೇರೆಯವರ ಹತ್ರ ಇಲ್ಲದ ರೆಕಾರ್ಡ್ ಯಾರ ಹತ್ರ ಇರುತ್ತೋ ಜನ ಅವರ ಕಡೆ. 1960ರ ದಶಕದ ಕೊನೇಲಿ ರಡಿ ರೆಡ್‌ವುಡ್ ಅನ್ನೋ ಸೌಂಡ್ ಸಿಸ್ಟಂ ಆಪರೇಟರ್‌ಗೆ ಪ್ಯಾರಗಾನ್ಸ್ ತಂಡದ 'ಆನ್ ದ ಬೀಚ್' ಹಾಡಿನ ಪ್ಲೇಟ್ (ಡಾನ್ಸ್‌ಗೆ ಅಂತಲೇ ಮಾಡೋ ರೆಕಾರ್ಡ್) ಕಟ್ ಮಾಡುವಾಗ ಟ್ರೆಷರ್ ಐಲ್ ಸ್ಟುಡಿಯೋದಲ್ಲಿ ಧ್ವನಿ ಹಾಕೋದೇ ಬಿಟ್ಟುಹೋಯ್ತಂತೆ. ಅವನು ಅದನ್ನೇ ಡಾನ್ಸ್‌ನಲ್ಲಿ ಹಾಕ್ದ, ಜನಾನೇ ಹಾಡೋಕೆ ಶುರು ಮಾಡಿದ್ರು.

ನಿರ್ಮಾಪಕರಿಗೆ ಇದ್ರಲ್ಲಿ ಕಾಸು ಕಾಣಿಸ್ತು. ರೆಕಾರ್ಡಿನ ಎರಡನೇ ಮಗ್ಗುಲಿಗೆ ಇನ್ನೊಂದು ಹಾಡು ಮಾಡ್ಸೋ ಖರ್ಚೇ ಇಲ್ಲ, ಅದೇ ಹಾಡಿನ ಧ್ವನಿ ತೆಗೆದು 'ವರ್ಷನ್' ಅಂತ ಲೇಬಲ್ ಹಾಕಿದ್ರೆ ಆಯ್ತು. ಅದೇ ರಿದಂ (ಹಾಡಿನ ಹಿಂದಿರೋ ವಾದ್ಯಗಳ ಟ್ರ್ಯಾಕ್) ಮೇಲೆ ಯು-ರಾಯ್ ಥರದ ಡೀಜೆಗಳು ಮೈಕ್ ಹಿಡಿದು ಮಾತಾಡಿ 1970ರಲ್ಲಿ ಹಿಟ್ ಕೊಟ್ರು. ಜಮೈಕಾಗೆ ಹೊಸ ಕಾಪಿರೈಟ್ ಕಾಯ್ದೆ ಬಂದಿದ್ದೇ 1993ರಲ್ಲಿ, ಹಂಗಾಗಿ ಅಲ್ಲೀವರೆಗೆ ಒಂದು ರಿದಂನ ಎಷ್ಟು ಸಲ ಬೇಕಾದ್ರೂ ತಿರುಗಿಸಿ ಮಾರಿದ್ರು.

ಆದ್ರೆ ಬರೀ ಧ್ವನಿ ತೆಗೆದ್ರೆ ಡಬ್ ಆಗಲ್ಲ. ಅದನ್ನ ಕಲೆ ಮಾಡಿದ್ದು ಕಿಂಗ್ ಟಬ್ಬಿ, ಅಂದ್ರೆ ಓಸ್ಬೋರ್ನ್ ರಡಕ್. ಮೂಲತಃ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡೋ ಮನುಷ್ಯ. ವಾಟರ್‌ಹೌಸ್ ಏರಿಯಾದ ಮನೇಲೇ ಪುಟ್ಟ ಸ್ಟುಡಿಯೋ, ದೊಡ್ಡ ಸ್ಟುಡಿಯೋ ಬೇಡ ಅಂತ ಮಾರಿದ ನಾಲ್ಕು ಟ್ರ್ಯಾಕಿನ ಹಳೇ ಮಿಕ್ಸರ್ (ಬೇರೆ ಬೇರೆ ಸದ್ದು ಬೆರೆಸೋ ಯಂತ್ರ). ಬ್ಯಾಂಡ್ ಅಲ್ಲಿ ನುಡಿಸ್ತಾನೇ ಇರ್ಲಿಲ್ಲ, ಬೇರೆ ಕಡೆ ರೆಕಾರ್ಡ್ ಆದ ಟೇಪ್ ಬರ್ತಿತ್ತು, ಇವನು ಫೇಡರ್ (ಸದ್ದು ಏರಿಸಿ ಇಳಿಸೋ ಹಿಡಿ) ಮೇಲೆ ಕೈಯಿಟ್ಟು ಗಿಟಾರ್ ಕತ್ತರಿಸೋದು, ಹಾಡುಗಾರನ ಅರ್ಧ ಸಾಲನ್ನ ಎಕೋಗೆ ಎಸೆಯೋದು, ಡ್ರಮ್, ಬಾಸ್ ಗಿಟಾರ್ ಎರಡನ್ನೇ ಬೆತ್ತಲೆ ನಿಲ್ಲಿಸೋದು, ಎಲ್ಲಾ ಆ ಕ್ಷಣದಲ್ಲೇ. ಇನ್ನೊಂದ್ಸಲ ಮಿಕ್ಸ್ ಮಾಡಿದ್ರೆ ಬೇರೇನೇ ಆಗ್ತಿತ್ತು. ನನ್ನ ಪ್ರಕಾರ ಮಿಕ್ಸರನ್ನ ವಾದ್ಯದ ಥರ ನುಡಿಸಿದ್ದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ.

ಆಲ್ಬಂ ರೂಪ ಬಂದಿದ್ದು 1973ರ ಹೊತ್ತಿಗೆ. ನಿರ್ಮಾಪಕ ಲೀ ಪೆರ್ರಿಯ 'ಬ್ಲ್ಯಾಕ್‌ಬೋರ್ಡ್ ಜಂಗಲ್ ಡಬ್' ಆ ಮೊದಲ ಬ್ಯಾಚಿನದು, ಯಾವ್ದು ನಿಜಕ್ಕೂ ಮೊದಲನೇದು ಅಂತ ಇವತ್ತಿಗೂ ಕಿತ್ತಾಡ್ತಾರೆ, ಕಿತ್ತಾಡ್ಲಿ ಬಿಡಿ. ಮುಂದೆ ಪೆರ್ರಿ ತನ್ನ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ಮಾಡಿದ 'ಸೂಪರ್ ಏಪ್' (1976) ಬೇರೇ ಲೋಕ, ಟಬ್ಬಿ ಸದ್ದು ತೆಗೀತಾ ಹೋದ್ರೆ ಇವನು ತುಂಬ್ತಾ ಹೋಗ್ತಾನೆ. ಹೊಸಬರಿಗೆ ಇದನ್ನೇ ಮೊದಲು ಕೊಡೋದು ನಂಗೆ ಸರಿ ಅನ್ಸಲ್ಲ, ಎಷ್ಟೋ ಜನ ಅಲ್ಲೇ ಓಡಿಹೋಗ್ತಾರೆ.

ಜೋಡಿಯಾಗಿ ಕೇಳೋದು ವಾಸಿ. ರೆಗೇ ಗಾಯಕ ಬರ್ನಿಂಗ್ ಸ್ಪಿಯರ್‌ನ 'ಮಾರ್ಕಸ್ ಗಾರ್ವೆ' (1975) ಪೂರ್ತಿ ಕೇಳಿ ಹಾಡುಗಳು ತಲೇಲಿ ಕೂತ ಮೇಲೆ ಅದರದೇ ಡಬ್ 'ಗಾರ್ವೀಸ್ ಗೋಸ್ಟ್' (1976) ಹಾಕಿ. ಮಿಕ್ಸ್ ಸ್ವಲ್ಪ ಮೆತ್ತಗಿದೆ, ಆದ್ರೂ ಏನು ಮಾಯ ಆಯ್ತು ಅನ್ನೋದು ಕಿವಿಗೆ ತಿಳಿಯುತ್ತೆ. ಆಮೇಲೆ ಜೇಕಬ್ ಮಿಲ್ಲರ್ ಹಾಡಿದ 'ಬೇಬಿ ಐ ಲವ್ ಯು ಸೋ', ಅದರ ಬೆನ್ನಿಗೇ ನಿರ್ಮಾಪಕ ಆಗಸ್ಟಸ್ ಪ್ಯಾಬ್ಲೋನ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್' (1976). ಅದರ ಟೈಟಲ್ ಟ್ರ್ಯಾಕ್ ಈ ಹಾಡಿನ ಡಬ್ಬೇ, ಮೂಲ ಹಾಡಿಗಿಂತ ಇದೇ ಜಾಸ್ತಿ ಹೆಸರಾಯ್ತು.

ಟಬ್ಬಿ ಶಿಷ್ಯರಲ್ಲಿ ಸೈಂಟಿಸ್ಟ್ 1980ರ ಸುಮಾರಿಗೆ ಸಾಲುಸಾಲು ಆಲ್ಬಂ ಮಾಡ್ದ, ಪ್ರಿನ್ಸ್ ಜ್ಯಾಮಿ 1985ರಲ್ಲಿ ಕ್ಯಾಸಿಯೋ ಕೀಬೋರ್ಡಿನ 'ಸ್ಲೆಂಗ್ ಟೆಂಗ್' ರಿದಂನಿಂದ ಇಡೀ ಜಮೈಕಾನೇ ಡಿಜಿಟಲ್ ಕಡೆ ತಿರುಗಿಸ್ದ. 1989ರ ಫೆಬ್ರವರಿಯಲ್ಲಿ ಟಬ್ಬಿನ ಮನೆ ಮುಂದೇನೇ ಗುಂಡಿಟ್ಟು ಕೊಂದ್ರು. ಅಷ್ಟೊತ್ತಿಗೆ ಡಬ್ ಲಂಡನ್ ಸೇರಿತ್ತು. ಅಲ್ಲಿ ಡಬ್ ಮಿಕ್ಸ್ ಮಾಡೋ ಮ್ಯಾಡ್ ಪ್ರೊಫೆಸರ್ 1995ರಲ್ಲಿ ಮ್ಯಾಸಿವ್ ಅಟ್ಯಾಕ್ ಅನ್ನೋ ಬ್ರಿಟಿಷ್ ತಂಡದ ಆಲ್ಬಂ ಒಂದನ್ನ ಪೂರ್ತಿ ಬಿಚ್ಚಿ 'ನೋ ಪ್ರೊಟೆಕ್ಷನ್' ಮಾಡ್ದ, ರೆಗೇ ಇಷ್ಟ ಇಲ್ಲ ಅನ್ನೋರಿಗೆ ನಾನು ಕೊಡೋದು ಅದನ್ನೇ. ಫೋನ್ ಸ್ಪೀಕರಲ್ಲಿ ಮಾತ್ರ ಕೇಳ್ಬೇಡಿ, ಬಾಸೇ ಇರಲ್ಲ.