ಚರ್ಮ ನೋಡಿದ್ದಾಯ್ತು, ಮನುಷ್ಯನನ್ನು ಕೇಳಿದ್ದು ಯಾವಾಗ?

ಒಬ್ಬರಿಗೆ ಎರಡೂ ಅಂಗೈ ತುಂಬ ಸೋರಿಯಾಸಿಸ್ ಇದೆ ಅಂದುಕೊಳ್ಳಿ. ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿದೆ. ಬೀಗದ ಕೈ ತಿರುಗಿಸಿದರೆ ಸಾಕು, ಬಿರುಕಿನಿಂದ ರಕ್ತ ಜಿನುಗುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ಕೆಲಸ. ಯಾರಾದರೂ ಕೈ ಕುಲುಕಲು ಬಂದರೆ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ.

ಇವರ ಕಾಯಿಲೆ ಎಷ್ಟು ಜೋರಾಗಿದೆ ಎಂದು ಅಳೆಯೋಣ. ಚರ್ಮ ತಜ್ಞರ ಸಂಶೋಧನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯಲ್ಲಿರುವ ಅಳತೆಗೋಲಿನ ಹೆಸರು ಪಾಸಿ. ಚರ್ಮ ಎಷ್ಟು ಕೆಂಪಾಗಿದೆ, ಎಷ್ಟು ದಪ್ಪಗಾಗಿದೆ, ಎಷ್ಟು ಪೊರೆ ಏಳುತ್ತಿದೆ ಎಂದು ಮೂರಕ್ಕೂ 0ಯಿಂದ 4ರವರೆಗೆ ಅಂಕ. ನಮ್ಮ ಈ ವ್ಯಕ್ತಿಗೆ ಮೂರರಲ್ಲೂ 4 ಕೊಟ್ಟುಬಿಡಿ, ಒಟ್ಟು 12. ಎರಡು ಅಂಗೈ ಸೇರಿದರೆ ತೋಳುಗಳ ವಿಸ್ತೀರ್ಣದಲ್ಲಿ ಸುಮಾರು ಹತ್ತನೇ ಒಂದು ಪಾಲು, ಅಷ್ಟು ವಿಸ್ತೀರ್ಣಕ್ಕೆ ಕೊಡುವ ಅಂಕ 2. ಇಡೀ ಮೈಯಲ್ಲಿ ತೋಳುಗಳ ಪಾಲು 0.2. ಮೂರನ್ನೂ ಗುಣಿಸಿ. ಬರುವುದು 4.8. ಈ ಅಳತೆಯಲ್ಲಿ ಗರಿಷ್ಠ ಅಂಕ 72.

ಕಾಗದದ ಮೇಲೆ ಇದು ಸಣ್ಣ ಕಾಯಿಲೆ. ಆ ಸಂಖ್ಯೆಗೂ ಆ ಕೈಗಳಿಗೂ ನಡುವೆ ಇಷ್ಟು ದೊಡ್ಡ ಅಂತರ ಹೇಗೆ ಬಂತು, ಅದನ್ನು ತುಂಬಲು ಯಾರು ಏನು ಮಾಡಿದರು ಎನ್ನುವುದೇ ಈ ಕಾಯಿಲೆಯ ಕಳೆದ ಐವತ್ತು ವರ್ಷಗಳ ಕಥೆ.

ಅದಕ್ಕೂ ಹಿಂದಿನದು ಸ್ವಲ್ಪ ಹೇಳಬೇಕು. ಶತಮಾನಗಳ ಕಾಲ ಸೋರಿಯಾಸಿಸ್ ಮತ್ತು ಕುಷ್ಠ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. 1808ರಲ್ಲಿ ಇಂಗ್ಲೆಂಡಿನ ವೈದ್ಯ ರಾಬರ್ಟ್ ವಿಲ್ಲನ್ ಈ ಕಾಯಿಲೆಯ ಲಕ್ಷಣಗಳನ್ನು ವಿವರವಾಗಿ ಬರೆದರು. ಆದರೆ ಹೆಸರಿನಲ್ಲಿ ಕುಷ್ಠದ ನೆರಳು ಉಳಿದೇ ಇತ್ತು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಇದು ಬೇರೆಯದೇ ಕಾಯಿಲೆ ಎಂದು ಬಿಡಿಸಿಟ್ಟರು. ವೈದ್ಯರ ಪುಸ್ತಕ ಬದಲಾಯಿತು. ಜನರ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ. ಸೋರಿಯಾಸಿಸ್ ಅಂಟುರೋಗ ಅಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ಹದ ತಪ್ಪಿ, ಸುಮಾರು ಒಂದು ತಿಂಗಳು ಹಿಡಿಯುವ ಚರ್ಮದ ಹುಟ್ಟು-ಉದುರುವಿಕೆ ಕೆಲವೇ ದಿನಗಳಲ್ಲಿ ಮುಗಿದುಹೋಗುವುದರಿಂದ ಬರುವ ತೊಂದರೆ. ಆದರೂ ಪಕ್ಕದ ಸೀಟಿನಲ್ಲಿದ್ದವರು ಎದ್ದು ಹೋಗುವುದು ಇವತ್ತಿಗೂ ನಿಂತಿಲ್ಲ.

ಚಿಕಿತ್ಸೆಗಳೂ ಸುಲಭದವಾಗಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಆರ್ಸೆನಿಕ್ ಬೆರೆಸಿದ ದ್ರಾವಣ ಕುಡಿಸುತ್ತಿದ್ದರು. ಬ್ರೆಜಿಲ್‌ನ ಒಂದು ಮರದಿಂದ ಬರುವ, ಗೋವಾ ಪೌಡರ್ ಎಂದೇ ಹೆಸರಾದ ಪುಡಿ ಬಂತು. ಅದರ ಸತ್ವವನ್ನು ಅನುಸರಿಸಿ 1916ರಲ್ಲಿ ಡಿಥ್ರನಾಲ್ ಎಂಬ ಹಚ್ಚುವ ಔಷಧಿ ಬಂತು. ಕೆಲಸವೇನೋ ಮಾಡುತ್ತಿತ್ತು. ಆದರೆ ಚರ್ಮ ಉರಿಯುತ್ತಿತ್ತು, ಹಚ್ಚಿದ ಜಾಗ, ಬಟ್ಟೆ, ಬಚ್ಚಲು ಎಲ್ಲದಕ್ಕೂ ಕಂದು-ನೇರಳೆ ಕಲೆ ಹತ್ತುತ್ತಿತ್ತು. 1925ರಲ್ಲಿ ಅಮೆರಿಕದ ವಿಲಿಯಂ ಗೋಕರ್ಮನ್ ಕಲ್ಲಿದ್ದಲ ಟಾರ್ ಹಚ್ಚಿ ನೇರಳಾತೀತ ಬೆಳಕು ಹಾಯಿಸುವ ವಿಧಾನ ತಂದರು. ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು, ದಿನವಿಡೀ ಟಾರ್ ವಾಸನೆ. ಐವತ್ತರ ದಶಕದಲ್ಲಿ ಸ್ಟೀರಾಯ್ಡ್ ಮುಲಾಮುಗಳು, ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಮೆಥೋಟ್ರೆಕ್ಸೇಟ್ ಎಂಬ ಔಷಧಿ ಬಳಸಲು ಒಪ್ಪಿಗೆ, 1974ರಲ್ಲಿ ಸೋರಾಲೆನ್ ಮಾತ್ರೆಯ ಜೊತೆ ಬೆಳಕಿನ ಚಿಕಿತ್ಸೆ.

ಇಷ್ಟೆಲ್ಲ ಆದರೂ ಅಳೆಯುತ್ತಿದ್ದದ್ದು ಚರ್ಮವನ್ನು. ಚರ್ಮದೊಳಗಿದ್ದವರು ಹೇಗಿದ್ದಾರೆ ಎಂದು ಕ್ರಮವಾಗಿ ಕೇಳುವ ದಾರಿ ಇರಲಿಲ್ಲ.

ಪಾಸಿ ಹುಟ್ಟಿದ್ದು 1978ರಲ್ಲಿ. ಫ್ರೆಡ್ರಿಕ್ಸನ್ ಮತ್ತು ಪೆಟರ್ಸನ್ ಎಂಬ ಇಬ್ಬರು ಒಂದು ಹೊಸ ಮಾತ್ರೆಯನ್ನು ಪರೀಕ್ಷಿಸುವಾಗ ಇದನ್ನು ರೂಪಿಸಿದರು. ಔಷಧಿ ಕೊಡುವ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಅವರಿಗೊಂದು ಲೆಕ್ಕ ಬೇಕಿತ್ತು. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಒದಗಿತು. ಅವರನ್ನು ದೂರುವುದು ನ್ಯಾಯವಲ್ಲ. ತಪ್ಪಾದದ್ದು ಆಮೇಲೆ, ಆ ಒಂದೇ ಸಂಖ್ಯೆಯನ್ನು ಇಡೀ ಕಾಯಿಲೆಯ ತೂಕ ಎಂದುಕೊಂಡಾಗ.

ಇದರ ಇನ್ನೊಂದು ಬದಿಯನ್ನು ಹಿಡಿದವರು ವೇಲ್ಸ್‌ನ ಕಾರ್ಡಿಫ್‌ನ ಚರ್ಮ ತಜ್ಞ ಆಂಡ್ರ್ಯೂ ಫಿನ್ಲೆ. ಎಂಬತ್ತರ ದಶಕದಲ್ಲೇ ಅವರು ಸೋರಿಯಾಸಿಸ್‌ನಿಂದ ದಿನನಿತ್ಯದ ಬದುಕಿಗೆ ಆಗುವ ಅಡ್ಡಿಯನ್ನು ಅಳೆಯುವ ಪ್ರಶ್ನಾವಳಿ ಮಾಡಿದ್ದರು. 1994ರಲ್ಲಿ ಖಾನ್ ಎಂಬ ಸಹೋದ್ಯೋಗಿಯ ಜೊತೆ ಎಲ್ಲ ಚರ್ಮರೋಗಗಳಿಗೂ ಹೊಂದುವ ಹತ್ತು ಪ್ರಶ್ನೆಗಳ ಡಿಎಲ್‌ಕ್ಯುಐ, ಅಂದರೆ ಚರ್ಮರೋಗದಿಂದ ಬದುಕಿನ ಗುಣಮಟ್ಟಕ್ಕೆ ಆಗುವ ಪೆಟ್ಟನ್ನು ಅಳೆಯುವ ಪ್ರಶ್ನಾವಳಿ, ಪ್ರಕಟಿಸಿದರು. ನನಗೆ ತುಂಬಾ ಇಷ್ಟವಾಗುವುದು ಅವರು ಅದನ್ನು ಮಾಡಿದ ರೀತಿ. ಬೇರೆ ಬೇರೆ ಚರ್ಮರೋಗಗಳಿದ್ದ 120 ಜನರನ್ನು ಕೂರಿಸಿ, ಈ ಕಾಯಿಲೆಯಿಂದ ನಿಮ್ಮ ಬದುಕಿನಲ್ಲಿ ಏನೇನು ಬದಲಾಗಿದೆ ಎಂದು ಕೇಳಿದರು. ಅವರು ಹೇಳಿದ್ದರಿಂದಲೇ ಪ್ರಶ್ನೆಗಳು ಬಂದವು.

ಆ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೇಳುವುದೆಲ್ಲ ಕಳೆದ ಒಂದು ವಾರದ್ದು. ತುರಿಕೆ, ನೋವು, ಉರಿ ಎಷ್ಟಿತ್ತು? ಎಷ್ಟು ಮುಜುಗರ ಆಯಿತು? ಅಂಗಡಿಗೆ ಹೋಗುವುದಕ್ಕೆ, ಮನೆ ನೋಡಿಕೊಳ್ಳುವುದಕ್ಕೆ ಅಡ್ಡಿಯಾಯಿತೇ? ಯಾವ ಬಟ್ಟೆ ಹಾಕಿಕೊಳ್ಳಬೇಕು ಎನ್ನುವುದನ್ನೂ ಚರ್ಮವೇ ತೀರ್ಮಾನಿಸಿತೇ? ಈ ಬಟ್ಟೆಯ ಪ್ರಶ್ನೆ ಹೊರಗಿನವರಿಗೆ ಸುಮ್ನೆ ಕೇಳಿದ ಹಾಗೆ ಕಾಣಬಹುದು. ಕಪ್ಪು ಬಟ್ಟೆಯ ಹೆಗಲ ಮೇಲೆ ಬೆಳ್ಳಗೆ ಉದುರಿದ ಪೊರೆಯನ್ನು ದಿನಕ್ಕೆ ಹತ್ತು ಸಲ ಕೊಡವಿಕೊಂಡವರಿಗೆ, ಸೆಖೆಯಲ್ಲೂ ತುಂಬುತೋಳು ಬಿಡದವರಿಗೆ ಅದು ಗೊತ್ತು. ಮುಂದೆ ಆಟೋಟ, ಕೆಲಸ, ಓದು, ಸಂಗಾತಿ, ನೆಂಟರು, ದಾಂಪತ್ಯ. ಹತ್ತನೆಯದು ಬೇರೆ ಥರದ್ದು: ಚಿಕಿತ್ಸೆಯೇ ನಿಮಗೆ ಎಷ್ಟು ತೊಂದರೆ ಕೊಟ್ಟಿತು, ಮನೆ ಗಲೀಜು ಮಾಡಿತೇ, ಸಮಯ ತಿಂದಿತೇ?

ಒಟ್ಟು ಅಂಕ 30. 10 ದಾಟಿದರೆ ಬದುಕಿಗೆ ಭಾರಿ ಪೆಟ್ಟು ಬಿದ್ದಿದೆ ಎಂದರ್ಥ. ಈ ಹಾಳೆ ಈಗ ನೂರಕ್ಕೂ ಜಾಸ್ತಿ ಭಾಷೆಗಳಲ್ಲಿದೆ. 2005ರಲ್ಲಿ ಫಿನ್ಲೆ ಇನ್ನೊಂದು ಸರಳ ಸೂತ್ರ ಕೊಟ್ಟರು. ಮೈಯ ಶೇ. 10ಕ್ಕಿಂತ ಜಾಸ್ತಿ ಭಾಗದಲ್ಲಿ ಇದ್ದರೆ, ಅಥವಾ ಪಾಸಿ 10 ದಾಟಿದರೆ, ಅಥವಾ ಡಿಎಲ್‌ಕ್ಯುಐ 10 ದಾಟಿದರೆ ಅದು ತೀವ್ರ ಸೋರಿಯಾಸಿಸ್. ಮೂರರಲ್ಲಿ ಯಾವುದಾದರೂ ಒಂದು ಸಾಕು. ಪಾಸಿ 4.8 ಇರುವ ಆ ಅಂಗೈಯವರಿಗೆ ಮಾತು ಸಿಕ್ಕಿದ್ದು ಈ ಮೂರನೇ ಬಾಗಿಲಿನಿಂದ.

ಈ ನಡುವೆ 1999ರಲ್ಲಿ ಅಮೆರಿಕದ ಒಂದು ಅಧ್ಯಯನ ಅನೇಕರ ಕಣ್ಣು ತೆರೆಸಿತು. ಸೋರಿಯಾಸಿಸ್ ಇದ್ದ 317 ಜನರ ಉತ್ತರಗಳನ್ನು ಬೇರೆ ಕಾಯಿಲೆಗಳವರ ಉತ್ತರಗಳ ಜೊತೆ ಹೋಲಿಸಿದರು. ಮೈ ಮನಸ್ಸುಗಳ ಮೇಲಿನ ಹೊರೆ ಕ್ಯಾನ್ಸರ್, ಸಂಧಿವಾತ, ಹೃದ್ರೋಗ, ಮಧುಮೇಹ, ಖಿನ್ನತೆ ಇರುವವರ ಹೊರೆಗೆ ಸರಿಸಮ ಎನ್ನುವಷ್ಟಿತ್ತು. ‘ಚರ್ಮದ್ದೇ ತಾನೇ, ಮುಲಾಮು ಹಚ್ಚಿದರಾಯ್ತು’ ಎನ್ನುವ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಮುಲಾಮಿನ ವಿಷಯಕ್ಕೇ ಬರೋಣ. ಅದೇ ವರ್ಷ ಬ್ರಿಟನ್ನಿನಲ್ಲಿ 120 ಜನರನ್ನು ಕೇಳಿದಾಗ ಶೇ. 39 ಮಂದಿ ಹೇಳಿದ ಹಾಗೆ ಚಿಕಿತ್ಸೆ ಪಾಲಿಸುತ್ತಿಲ್ಲ ಎಂದು ಒಪ್ಪಿಕೊಂಡರು. ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದಿನಕ್ಕೆ ಎರಡು ಸಲ ಮೈಗೆಲ್ಲ ಜಿಡ್ಡು ಹಚ್ಚಿ, ಅದು ಆರುವ ತನಕ ಕಾದು, ಅಂಟುವ ಬಟ್ಟೆಯಲ್ಲೇ ಕೆಲಸಕ್ಕೆ ಹೋಗುವುದನ್ನು ವರ್ಷಗಟ್ಟಲೆ ಮಾಡಿ ನೋಡಬೇಕು. ಬೆನ್ನಿಗೆ ಹಚ್ಚಲು ಇನ್ನೊಬ್ಬರ ಕೈ ಬೇಕು, ಒಂಟಿಯಾಗಿರುವವರು ಏನು ಮಾಡಬೇಕು?

ಚಿಕಿತ್ಸೆಯಿಂದ ತೃಪ್ತಿ ಇದೆಯೇ ಎನ್ನುವುದನ್ನು ಬೇರೆಯಾಗಿಯೇ ಅಳೆಯಬೇಕು ಎಂಬ ವಿಚಾರ ಬಲವಾಗಿದ್ದು ಈ ಹೊತ್ತಿಗೆ. 2004ರಲ್ಲಿ ಬಂದ ಒಂದು ಪ್ರಶ್ನಾವಳಿ, ಯಾವ ಕಾಯಿಲೆಯ ಔಷಧಿಗಾದರೂ ಹೊಂದುವಂಥದ್ದು, ನಾಲ್ಕು ಸಂಗತಿ ಕೇಳುತ್ತದೆ. ಗುಣ ಕಂಡಿತೇ, ಅಡ್ಡ ಪರಿಣಾಮ ಕಾಡಿತೇ, ತೆಗೆದುಕೊಳ್ಳಲು ಸಲೀಸಾಗಿತ್ತೇ, ಒಟ್ಟಾರೆ ನಿಮಗೆ ಸಮಾಧಾನ ಇದೆಯೇ. ಮೊದಲನೆಯದಕ್ಕೆ ಹೌದು ಎಂದವರು ಮೂರನೆಯದಕ್ಕೆ ಇಲ್ಲ ಎನ್ನಬಹುದು. ಔಷಧಿ ಅರ್ಧಕ್ಕೇ ನಿಲ್ಲುವುದಕ್ಕೆ ಅಷ್ಟು ಸಾಕು.

2003ರಲ್ಲಿ ಅಮೆರಿಕದಲ್ಲಿ ಮೊದಲ ಜೈವಿಕ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿತು. ಇಡೀ ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುವ ಬದಲು ಅದರ ಒಂದೊಂದು ಕೊಂಡಿಯನ್ನು ಹಿಡಿಯುವ ಚುಚ್ಚುಮದ್ದುಗಳಿವು. ಹಾಗಿದ್ದರೆ ಜನ ಖುಷಿಯಾಗಿರಬೇಕಿತ್ತು, ಅಲ್ವಾ? 2003ರಿಂದ 2011ರವರೆಗಿನ ಅಮೆರಿಕದ ಸಮೀಕ್ಷೆಗಳನ್ನು ಸೇರಿಸಿ ನೋಡಿದಾಗ ಶೇ. 52.3 ಮಂದಿ ಚಿಕಿತ್ಸೆಯಿಂದ ತೃಪ್ತಿ ಇಲ್ಲ ಎಂದಿದ್ದರು. ಒಂದು ಕಾರಣ ಅದೇ ಸಮೀಕ್ಷೆಯಲ್ಲಿದೆ. ತೀವ್ರ ಸೋರಿಯಾಸಿಸ್‌ಗೆ ಚಿಕಿತ್ಸೆ ಪಡೆಯುತ್ತಿದ್ದವರಲ್ಲೂ ಸುಮಾರು ಐವರಲ್ಲಿ ಒಬ್ಬರು ಬರೀ ಮುಲಾಮಿನಲ್ಲೇ ಉಳಿದಿದ್ದರು. ಹೊಸ ಔಷಧಿ ಬಂದಿತ್ತು, ಅವರ ತನಕ ಬಂದಿರಲಿಲ್ಲ.

ಇನ್ನೊಂದು ಕಾರಣ ಗುರಿಯಲ್ಲೇ ಇತ್ತು. ಪಾಸಿ ಅಂಕ ಶೇ. 75 ಇಳಿದರೆ ಗೆದ್ದ ಹಾಗೆ ಎಂದು ಪ್ರಯೋಗಗಳು ಲೆಕ್ಕ ಹಾಕುತ್ತಿದ್ದವು. ಉಳಿದ ಕಾಲು ಭಾಗ ಮುಖದ ಮೇಲೋ ಗುಪ್ತಾಂಗದ ಮೇಲೋ ಇದ್ದರೆ ಅದನ್ನು ಗೆಲುವು ಎನ್ನಲು ಯಾರಿಗೆ ಬಾಯಿ ಬರುತ್ತದೆ? 2011ರಲ್ಲಿ ಯುರೋಪಿನ ತಜ್ಞರು ಒಂದು ಒಪ್ಪಂದಕ್ಕೆ ಬಂದರು. ಸುಧಾರಣೆ ಶೇ. 50ರಿಂದ 75ರ ನಡುವೆ ಇದ್ದಾಗ ಡಿಎಲ್‌ಕ್ಯುಐ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದೇ ಚಿಕಿತ್ಸೆ ಮುಂದುವರಿಯಲಿ, 5 ದಾಟಿದ್ದರೆ ಚಿಕಿತ್ಸೆ ಬದಲಾಗಲಿ. ಅನುಮಾನದ ಜಾಗದಲ್ಲಿ ಕಾಯಿಲೆಯವರ ಮಾತೇ ಕೊನೆಯ ಮಾತು. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಇದು ಅತ್ಯಂತ ದೊಡ್ಡ ಹೆಜ್ಜೆ. ಮುಂದೆ ಗುರಿ ಶೇ. 90ಕ್ಕೆ, 100ಕ್ಕೆ ಏರಿತು. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಬಗ್ಗೆ ನಿರ್ಣಯ ಮಾಡಿ, ಜನರಿಗೆ ಎದುರಾಗುವ ಕಳಂಕವನ್ನೂ ಹೆಸರಿಸಿತು. 2020ರಲ್ಲಿ ಒಂದು ಅಂತರರಾಷ್ಟ್ರೀಯ ತಜ್ಞರ ಗುಂಪು ಅಂಗೈ, ಅಂಗಾಲು, ಮುಖ, ನೆತ್ತಿ, ಗುಪ್ತಾಂಗದಂಥ ಜಾಗದಲ್ಲಿದ್ದರೆ ವಿಸ್ತೀರ್ಣ ಎಷ್ಟೇ ಚಿಕ್ಕದಿರಲಿ, ಮಾತ್ರೆ ಅಥವಾ ಚುಚ್ಚುಮದ್ದು ಪರಿಗಣಿಸಬಹುದು ಎಂದಿತು.

ಹಾಗಂತ ಡಿಎಲ್‌ಕ್ಯುಐನಲ್ಲಿ ಕೊರತೆ ಇಲ್ಲವೇ? ಇದೆ. ಅದು ಕೇಳುವುದು ಒಂದು ವಾರದ್ದು. ಇಪ್ಪತ್ತರ ಹರೆಯದಲ್ಲಿ ಬಂದ ಕಾಯಿಲೆ ಬಿಡಿಸಿದ ಓದು, ತಪ್ಪಿಸಿದ ಮದುವೆ, ಹಿಂದೆ ಸರಿದ ಕೆಲಸ ಅದರಲ್ಲಿ ಕಾಣುವುದಿಲ್ಲ. ಈ ಕೂಡಿಟ್ಟ ನಷ್ಟದ ಬಗ್ಗೆ 2010ರಿಂದೀಚೆಗೆ ಸಂಶೋಧಕರು ಬರೆಯುತ್ತಿದ್ದಾರೆ. ಇನ್ನೊಂದು ತೊಡಕು ಆ ಹಾಳೆಯ ಒಂದು ಪುಟ್ಟ ಚೌಕದಲ್ಲಿದೆ. ಕೆಲವು ಪ್ರಶ್ನೆಗಳ ಮುಂದೆ ‘ನನಗೆ ಅನ್ವಯಿಸುವುದಿಲ್ಲ’ ಎಂಬ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಅಂಕ 0. ಜನ ನೋಡುತ್ತಾರೆ ಎಂದು ಈಜುವುದನ್ನು ಹದಿನೈದು ವರ್ಷದ ಹಿಂದೆಯೇ ಬಿಟ್ಟವರು ಆಟೋಟದ ಪ್ರಶ್ನೆಗೆ ಏನು ಹೇಳುತ್ತಾರೆ? ಅನ್ವಯಿಸುವುದಿಲ್ಲ ಎನ್ನುತ್ತಾರೆ. ಕಾಯಿಲೆ ಎಲ್ಲಕ್ಕಿಂತ ಜಾಸ್ತಿ ಕಿತ್ತುಕೊಂಡ ಕಡೆಯಲ್ಲೇ ಸೊನ್ನೆ ಬೀಳುತ್ತದೆ. 2018ರಲ್ಲಿ ಬಂದ ಹೊಸ ಲೆಕ್ಕದ ವಿಧಾನ ಇಂಥ ಟಿಕ್‌ಗಳನ್ನು ಗಮನಿಸಿ ಒಟ್ಟು ಅಂಕವನ್ನು ಏರಿಸುತ್ತದೆ. ಆದರೆ ಈಜು ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳುವ ಸಾಲು ಆ ಹಾಳೆಯಲ್ಲಿ ಇನ್ನೂ ಇಲ್ಲ.