ಹೆಸರಾದ ಮೇಲೆ 'ಬಿನ್' ಹಾಕಲಾ?

ಇದು 2022ರ ಮಾತು. ಲಿಂಗ ಗುರುತಿನ ಪತ್ರ ಕೇಳಿ ಬಂದ ಕಕ್ಷಿದಾರರೊಬ್ಬರ ಅಫಿಡವಿಟ್ ಟೈಪ್ ಮಾಡುತ್ತಿದ್ದ ನಮ್ಮ ಗುಮಾಸ್ತರು ಮೊದಲ ಸಾಲಿನಲ್ಲೇ ನಿಂತುಬಿಟ್ಟರು. "ಮೇಡಂ, ಹೆಸರಾದ ಮೇಲೆ ಬಿನ್ ಅಂತ ಹಾಕಲಾ?"

ಬಿನ್ ಅಂದರೆ ಇಂಥವರ ಮಗ ಎಂದರ್ಥ. ಎದುರಿಗಿದ್ದ ಕಕ್ಷಿದಾರರು ನಕ್ಕರು. ಜನನ ಪ್ರಮಾಣಪತ್ರದಲ್ಲಿ ಅವರು ಗಂಡು. "ನಾನು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಆಪರೇಷನ್ ಮಾಡಿಸ್ಕೊಳ್ಳೋ ಆಸೆನೂ ಇಲ್ಲ," ಎಂದು ಆಗಲೇ ಹೇಳಿದ್ದರು. ನಾನ್ ಬೈನರಿ ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಬಿನ್ ಬಿಟ್ಟು 'ತಂದೆಯ ಹೆಸರು' ಎಂದು ಬರೆದೆವು. ಮುಂದೆ ಕಷ್ಟವಾಗಲಿಲ್ಲ. 'ಅರ್ಜಿದಾರರು' ಎಂಬ ನಮ್ಮ ಕೋರ್ಟಿನ ಪದಕ್ಕೆ ಗಂಡು ಹೆಣ್ಣಿನ ಭೇದವೇ ಇಲ್ಲ, ಅಲ್ವಾ?

ಕಾನೂನು ಇಷ್ಟು ಸಲೀಸಾಗಿರಲಿಲ್ಲ. ಲಿಂಗ ಯಾವುದು ಎಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯ್ದೆಯ ವ್ಯಾಖ್ಯೆಯಲ್ಲಿ ಹಿಜ್ರಾ, ಕಿನ್ನರ್, ಅರವಾಣಿ, ಜೋಗ್ತಾ ಎಲ್ಲ ಬಂದವು. ಜೋಗ್ತಾ ಎಂದು ಓದಿದಾಗ ನನಗೆ ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರು ನೆನಪಾದರು. ಅದೇ ಸಾಲಿನಲ್ಲಿ 'ಜೆಂಡರ್‌ಕ್ವಿಯರ್' ಎಂಬ ಪದವೂ ಇತ್ತು, ಅಂದರೆ ಗಂಡು ಅಥವಾ ಹೆಣ್ಣು ಎಂಬ ಚೌಕಟ್ಟಿಗೆ ಸಿಗದವರು. ನನ್ನ ಕಕ್ಷಿದಾರರು ಕಾಯ್ದೆಯ ಒಳಗೆ ಬಂದದ್ದು ಆ ಒಂದು ಪದ ಹಿಡಿದು.

ಆದರೆ ಒಳಗೆ ಇದ್ದದ್ದು ಒಂದೇ ಕೋಣೆ. ಜಿಲ್ಲಾಧಿಕಾರಿ ಕೊಡುತ್ತಿದ್ದ ಗುರುತಿನ ಪತ್ರದಲ್ಲಿ ಎಲ್ಲರೂ 'ಟ್ರಾನ್ಸ್‌ಜೆಂಡರ್'. ಶಸ್ತ್ರಚಿಕಿತ್ಸೆ ಆದವರು ಗಂಡು ಅಥವಾ ಹೆಣ್ಣು ಎಂದು ತಿದ್ದಿಸಿಕೊಳ್ಳಬಹುದಿತ್ತು. ಎರಡೂ ಅಲ್ಲ ಎನ್ನುವವರಿಗೆ ಬೇರೆ ಪದ ಇರಲಿಲ್ಲ. "ಈ ಪದ ನಂದಲ್ಲ ಮೇಡಂ," ಎಂದರು ಕಕ್ಷಿದಾರರು. ಆದರೂ ತಗೊಳ್ಳಿ ಎಂದೆ. ಪದ ಒಗ್ಗದಿದ್ದರೂ ಹಕ್ಕು ಅದಕ್ಕೇ ಅಂಟಿಕೊಂಡಿರುತ್ತದೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ. 1ರ ಮೀಸಲಾತಿ ತಂದಾಗ, ಅರ್ಜಿಯಲ್ಲಿ ಗಂಡು, ಹೆಣ್ಣಿನ ಪಕ್ಕ 'ಇತರೆ' ಎಂಬ ಕಾಲಂ ಕೂಡ ಇರಬೇಕು ಎಂದಿತು. ಕಾಲಂ ತುಂಬಿದರೆ ಸಾಲದು, ಕೇಳಿದಾಗ ತೋರಿಸಲು ಕಾಗದ ಬೇಕು.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಜನನ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ನಮೂದು ತಪ್ಪಾಗಿದ್ದರೆ ಅಥವಾ ಮೋಸದಿಂದಲೋ ಅಕ್ರಮವಾಗಿಯೋ ಬರೆಸಿದ್ದರೆ ಮಾತ್ರ ತಿದ್ದಬಹುದು. "ಅವತ್ತು ಬರೆದದ್ದು ತಪ್ಪಲ್ವಲ್ಲ ಮೇಡಂ," ಎಂದರು ನೋಂದಣಿ ಅಧಿಕಾರಿ. ಕೋಪ ಬಂತು, ಆದರೆ ಅವರು ಸೆಕ್ಷನ್ ಓದಿಕೊಂಡ ರೀತಿ ತೀರಾ ಅಸಂಬದ್ಧವೂ ಅಲ್ಲ.

2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಟ್ರಾನ್ಸ್ ಮಹಿಳೆಯ ಅರ್ಜಿಯಲ್ಲಿ ನಡುದಾರಿ ಹುಡುಕಿತು. ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗುವವರೆಗೆ ಹಳೆಯ ಹೆಸರು, ಲಿಂಗದ ಜೊತೆ ಹೊಸದನ್ನೂ ತೋರಿಸುವ ಪ್ರಮಾಣಪತ್ರ ಕೊಡಿ ಎಂದಿತು. ಹಳೆಯ ಅಂಕಪಟ್ಟಿಗೂ ಹೊಸ ಆಧಾರ್‌ಗೂ ತಾಳೆ ಹಾಕಲು ಇದು ಅನುಕೂಲ. ಆದರೆ ಆ ಹಾಳೆ ಕೈಗೆ ಬಂದ ಯಾರಿಗೇ ಆದರೂ ನಿಮ್ಮ ಇಡೀ ಕಥೆ ಗೊತ್ತಾಗುತ್ತದೆ. ಬಾಡಿಗೆ ಮನೆ ಮಾಲೀಕರಿಗೂ ಗೊತ್ತಾಗಬೇಕಾ?

ಖುಷಿಯಿಂದಲೇ ಕಕ್ಷಿದಾರರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. "ಎರಡೂ ಹೆಸರು ಇರುತ್ತಾ? ಹಾಗಿದ್ರೆ ಸದ್ಯಕ್ಕೆ ಬೇಡ ಮೇಡಂ," ಎಂದರು. ಫೈಲು ನಮ್ಮ ಕಪಾಟಿನಲ್ಲೇ ಇದೆ.